ಮೊದಲ ಹಾಳೆ ಮಿಷನ್ನಿಗೆ

2019ರಲ್ಲಿ ನಾನು ಚಿತ್ರದುರ್ಗದಲ್ಲಿ ಸಣ್ಣ ಕೈಗಾರಿಕೆಗಳ ಯಂತ್ರಗಳಿಗೆ ಕಂಟ್ರೋಲರ್ ಬೋರ್ಡ್ ಮಾಡಿಕೊಡುತ್ತಿದ್ದೆ. ಹೊಳಲ್ಕೆರೆ ಹತ್ತಿರ ಶಿವಣ್ಣ ಎಂಬವರ ಅಡಿಕೆ ಹಾಳೆ ತಟ್ಟೆಯ ಘಟಕದಲ್ಲಿದ್ದ ಮೂರು ಪ್ರೆಸ್‌ಗಳಿಗೂ ನನ್ನವೇ ಬೋರ್ಡು. ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ, ಗಾಳಿಯ ಒತ್ತಡಕ್ಕೆ ಮೇಲಿನ ಅಚ್ಚು ಇಳಿದು ತಟ್ಟೆಯಾಗುತ್ತದೆ. ಗಾಳಿ ಬಿಡುವ ವಾಲ್ವಿಗೆ ಅಪ್ಪಣೆ ಕೊಡುವುದು ಬೋರ್ಡಿನ ಮೈಕ್ರೋಕಂಟ್ರೋಲರ್ ಚಿಪ್, ಅದರ ಒಂದು ಪಿನ್ನಿನ ಮೂಲಕ.

ಒಂದು ದಿನ ಪ್ರೋಗ್ರಾಮ್ ಬದಲಿಸಲು ಹೋಗಿದ್ದಾಗ ವಿಚಿತ್ರ ಪದ್ಧತಿಯೊಂದನ್ನು ಕಂಡೆ. ಕರೆಂಟು ಹೋಗಿ ಬಂದಾಗಲೆಲ್ಲ ಹೆಂಗಸರು ಅಚ್ಚಿನಲ್ಲಿ ಹರಕು ಹಾಳೆ ಇಟ್ಟು, ಕೈಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದರು.

"ಮೊದಲ ಹಾಳೆ ಮಿಷನ್ನಿಗೆ ಸಾರ್," ಎಂದರು ಅವರಲ್ಲಿ ಹಿರಿಯರಾದ ರತ್ನಮ್ಮ.

"ಯಂತ್ರಕ್ಕೂ ಎಡೆ ಇಡ್ತೀರೇನಮ್ಮ?" ಎಂದು ಚುಡಾಯಿಸಿದೆ. ಯಾಕೆ ಎಂದು ಕೇಳುವ ಬುದ್ಧಿ ಬರಲಿಲ್ಲ. ಶಿವಣ್ಣ ನನ್ನ ನಗುವನ್ನೇ ಹಿಡಿದುಕೊಂಡು ಅಂದೇ ಆ ಪದ್ಧತಿ ನಿಲ್ಲಿಸಿದರು.

ಒಂಬತ್ತನೇ ದಿನಕ್ಕೆ ಅವರದೇ ಫೋನು. "ಕರೆಂಟು ಬಂದ ಕೂಡ್ಲೆ ರತ್ನಮ್ಮನ ಎರಡು ಬೆರಳು ಅಚ್ಚಿಗೆ ಸಿಕ್ಕಾವೆ. ತಾನೇ ಪೆಡಲ್ ತುಳಿದು ಇಲ್ಲ ಅಂತಾಳೆ. ನೀವು ನೋಡಿ ಮಿಷನ್ ಸರಿ ಐತೆ ಅಂತ ಬರ್ಕೊಡ್ರಿ, ಕೆಲಸದಿಂದ ತೆಗಿತೀನಿ."

ಹೋದೆ. ಲ್ಯಾಪ್‌ಟಾಪಿನಿಂದ ಪ್ರೋಗ್ರಾಮರ್ ಎಂಬ ಸಣ್ಣ ಪೆಟ್ಟಿಗೆಯ ಕೇಬಲನ್ನು ಬೋರ್ಡಿಗೆ ಸಿಕ್ಕಿಸಿದೆ. ಚಿಪ್ಪನ್ನು ಕೀಳದೆಯೇ ಅದರ ನೆನಪಿಗೆ ಪ್ರೋಗ್ರಾಮ್ ತುಂಬುವ ದಾರಿ ಅದು. ಪಿನ್‌ಗಳು ಸಾಲದೆ, ಆ ದಾರಿಯ ಒಂದು ಪಿನ್ನನ್ನೇ ನಾನು ವಾಲ್ವಿಗೂ ಕೊಟ್ಟಿದ್ದೆ. ತುಂಬುವಾಗ ಆ ಪಿನ್ ಆನ್-ಆಫ್ ಆಗುತ್ತ ಕುಣಿಯುತ್ತದೆಂದು ಗೊತ್ತಿದ್ದುದರಿಂದ ಆಗ ಮಾತ್ರ ಗಾಳಿಯ ಪೈಪು ಬಂದ್ ಮಾಡುತ್ತಿದ್ದೆ. ಅಂದು ಪೈಪು ತೆರೆದೇ ಇಟ್ಟು, ಕರೆಂಟನ್ನು ನಲವತ್ತು ಸಲ ತೆಗೆದು ಹಾಕಿದೆ. ಅಚ್ಚು ಅಲುಗಲಿಲ್ಲ. "ಯಂತ್ರ ಸರಿಯಿದೆ" ಎಂದು ಬರೆಯತೊಡಗಿದೆ.

ಬಾಗಿಲ ಬಳಿ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ರತ್ನಮ್ಮ ಮೆಲ್ಲಗೆ ಹೇಳಿದರು: "ನಿಮ್ಮ ವೈರ್ ಇದ್ರೆ ಅದು ಸುಮ್ನಿರ್ತೈತೆ ಸಾರ್. ಹೋದ ಸಲನೂ ಹಂಗೇ ಇತ್ತು. ಕಿತ್ತು ನೋಡ್ರಿ."

ಸಿಟ್ಟೇ ಬಂತು. ಆದರೂ ಕೇಬಲ್ ಕಿತ್ತು, ಒಂದು ಹರಕು ಹಾಳೆ ಇಟ್ಟೆ. ಐದು ಸಲ ಏನೂ ಆಗಲಿಲ್ಲ. ಆರನೇ ಸಲ ಸ್ವಿಚ್ ಹಾಕಿದಾಗ, ಪೆಡಲ್ ಹತ್ತಿರ ಯಾರೂ ಇಲ್ಲದಿದ್ದರೂ, ಅಚ್ಚು ಧಡ್ಡೆಂದು ಬಿತ್ತು.

ಶಿವಣ್ಣನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆದರೆ ಮೀಟರ್ ಹಿಡಿದು ಕೂತ ಮೇಲೆ ನಾಚಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಕರೆಂಟು ಬಂದ ಕೂಡಲೇ ಚಿಪ್ ರೀಸೆಟ್ ಸ್ಥಿತಿಯಲ್ಲಿರುತ್ತದೆ. ಪ್ರೋಗ್ರಾಮ್ ಶುರುವಾಗಿ ಅಪ್ಪಣೆ ಕೊಡುವವರೆಗೆ ಪಿನ್ ಆನ್ ಅಲ್ಲ, ಆಫ್ ಅಲ್ಲ. ಚಿಲಕವಿಲ್ಲದ ಬಾಗಿಲಿನಂತೆ ತೂಗಾಡುತ್ತದೆ. ಸುತ್ತಲಿನ ತಂತಿಗಳಿಂದ ಅದಕ್ಕೆ ಒಂಚೂರು ವೋಲ್ಟೇಜ್ ಸೇರಿದರೂ ವಾಲ್ವ್ ತೆರೆದುಕೊಳ್ಳುತ್ತದೆ. ನನ್ನ ಪ್ರೋಗ್ರಾಮರಿನೊಳಗಿದ್ದ ರೆಸಿಸ್ಟರ್ ಆ ಪಿನ್ನನ್ನು ಆಫ್ ಕಡೆಗೆ ಎಳೆದು ಹಿಡಿಯುತ್ತಿತ್ತು. ತಪ್ಪು ಹುಡುಕಲು ತಂದ ಉಪಕರಣವೇ ತಪ್ಪನ್ನು ಬಚ್ಚಿಡುತ್ತಿತ್ತು! ಸಾಲದ್ದಕ್ಕೆ, ಡಿಸ್‌ಪ್ಲೇ ಮೇಲೆ ಎರಡು ಸೆಕೆಂಡು "ಸುಸ್ವಾಗತ" ತೋರಿಸಿದ ಮೇಲಷ್ಟೇ ಪಿನ್‌ಗಳನ್ನು ವಿಚಾರಿಸುವಂತೆ ನಾನು ಪ್ರೋಗ್ರಾಮ್ ಬರೆದಿದ್ದೆ. ಎರಡು ಸೆಕೆಂಡು ಬೆರಳಿಗೆ ಧಾರಾಳವಾಯಿತು. ಹೆಂಗಸರು ಕೈ ಮಡಿಲಲ್ಲಿಟ್ಟು ಕೂರುತ್ತಿದ್ದುದು ಈ ಗಳಿಗೆ ಕಳೆಯಲೆಂದೇ.

ಪಿನ್ ಮತ್ತೆ ತೂಗಾಡದಂತೆ, ಪಿನ್ನಿಗೂ ಗ್ರೌಂಡಿಗೂ ನಡುವೆ ಹತ್ತು ಕಿಲೋಓಮ್ ರೆಸಿಸ್ಟರ್ ಬೆಸುಗೆ ಹಾಕಿದೆ. ಮೂರೂ ಬೋರ್ಡುಗಳಿಗೆ ಹಾಕಿ, ಸುಸ್ವಾಗತವನ್ನು ಕೊನೆಗೆ ತಳ್ಳಿದೆ. ಬರೆಯುತ್ತಿದ್ದ ಕಾಗದ ಹರಿದು, ಹೊಸದರಲ್ಲಿ "ತಪ್ಪು ಬೋರ್ಡಿನದು, ಬೋರ್ಡು ನನ್ನದು" ಎಂದು ಬರೆದು ಸಹಿ ಮಾಡಿದೆ.

ಶಿವಣ್ಣ ಅದನ್ನು ಎರಡು ಸಲ ಓದಿದರು. "ಬೆರಳು ವಾಸಿ ಆದ್ಮೇಲೆ ಬಾರಮ್ಮ," ಎಂದರು.

"ಬರ್ತೀನಿ. ಆದ್ರೆ ಮೊದಲ ಹಾಳೆ ಇಟ್ಟೇ ಇಡ್ತೀನಿ," ಎಂದರು ರತ್ನಮ್ಮ. ಯಾರೂ ನಗಲಿಲ್ಲ.

ಇಂದಿಗೂ ನಾನು ಹೊಸ ಬೋರ್ಡನ್ನು ಕೇಬಲ್ ಕಿತ್ತೇ ಪರೀಕ್ಷಿಸುತ್ತೇನೆ. ಕೆಲಸಗಾರರಲ್ಲಿ ಅರ್ಥವಾಗದ ಪದ್ಧತಿ ಕಂಡರೆ ಮೊದಲು ಯಾಕೆಂದು ಕೇಳುತ್ತೇನೆ. ಆ ದಿನ ಅಷ್ಟು ಕೇಳಿದ್ದರೆ ರತ್ನಮ್ಮನ ತೋರುಬೆರಳು ಇವತ್ತೂ ಮಡಚುತ್ತಿತ್ತು.