ಸ್ಟಾಪ್ ಬಟನ್ನಿಗೆ ದೊಡ್ಡ ಬೊಟ್ಟು

"ದೀನಿಕಿ ಚೆವುಡಮ್ಮಾ!"

ಕಳೆದ ತಿಂಗಳ ಒಂದು ಶನಿವಾರ ಬೆಳಗ್ಗೆ ನನ್ನ ಮಾವ ನಮ್ಮ ಅಡುಗೆಮನೆಯಲ್ಲಿ ನಿಂತು ಹೀಗೆ ಬೈಯುತ್ತಿದ್ದರು. ಇದಕ್ಕೆ ಕಿವುಡು ಅಂತ. (ನಮ್ಮ ಚಿಕ್ಕಬಳ್ಳಾಪುರದ ಕಡೆಯವರಿಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ, ಅರ್ಧ ದಾರಿಯಲ್ಲಿ ತೆಲುಗು ಹತ್ತಿಕೊಳ್ಳುತ್ತದೆ.) ಬೈಸಿಕೊಳ್ಳುತ್ತಿದ್ದದ್ದು ನಾನಲ್ಲ. ಕಟ್ಟೆಯ ಮೇಲೆ ಕೂತಿದ್ದ ಸ್ಮಾರ್ಟ್ ಓವನ್ನು.

ಅಲ್ಲಿಗೆ ಬರುವ ಮೊದಲು ನನ್ನ ಮಾವನ ಬಗ್ಗೆ ಸ್ವಲ್ಪ ಹೇಳಬೇಕು.

ಮಾವ ಸಾದಲಿಯವರು. ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳ ಸಾಕಿ ಸಂಸಾರ ನಡೆಸಿದವರು. ಮೈಯಲ್ಲಿ ಕಸುವು ಕಡಿಮೆಯಾದ ಮೇಲೆ ಜಮೀನನ್ನು ತಮ್ಮನಿಗೆ ನೋಡಿಕೊಳ್ಳಲು ಕೊಟ್ಟು, ಅತ್ತೆಯ ಜೊತೆ ಇಲ್ಲಿ ನಮ್ಮ ಮನೆಗೆ ಬಂದರು. ಬಂದ ಮೊದಲ ದಿನವೇ ಒಂದು ಕೆಲಸವನ್ನು ತಮ್ಮದು ಮಾಡಿಕೊಂಡರು. ಬೆಳಗಿನ ಕಾಫಿ. ಎಲ್ಲರಿಗಿಂತ ಮೊದಲು ಎದ್ದು, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಮೊದಲ ಲೋಟ ಅತ್ತೆಗೆ. ಆಮೇಲೆ ನಮಗೆ. ಬೆಳಗ್ಗೆ ಕಾಲೇಜಿಗೆ ಓಡುವ ನನ್ನಂಥ ಸೊಸೆಗೆ ಇದಕ್ಕಿಂತ ದೊಡ್ಡ ವರ ಬೇಕೆ?

ಆಮೇಲೆ ಮಾವನ ಕಣ್ಣು ಹೋಯಿತು. ಗ್ಲಾಕೋಮಾ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಈಗ ಅವರಿಗೆ ಬೆಳಕಿದೆಯೋ ಇಲ್ಲವೋ ಅನ್ನುವಷ್ಟು ಮಾತ್ರ ತಿಳಿಯುತ್ತದೆ. ಆದರೂ ಕಾಫಿ ಬಿಡಲಿಲ್ಲ. ಹಾಲು ಉಕ್ಕುವುದನ್ನು ಕಿವಿಯಲ್ಲೇ ಕೇಳಿ ಸ್ಟೌ ಆರಿಸುತ್ತಿದ್ದರು. ಒಂದು ದಿನ ಹೆಗಲ ಮೇಲಿನ ಟವಲ್ಲು ಜಾರಿ ಉರಿಗೆ ತಾಗಿತು. ಅತ್ತೆ ಓಡಿಬಂದು ಕಿತ್ತೆಸೆದರು. ಮಾವನಿಗೆ ಏನೂ ಆಗಲಿಲ್ಲ. ಅತ್ತೆಯ ಅಂಗೈಯಲ್ಲಿ ಬೊಬ್ಬೆ ಎದ್ದಿತು.

ಅಂದಿನಿಂದ ಮಾವನಿಗೆ ಅಡುಗೆಮನೆ ಬಂದ್.

ಬಂದ್ ಆದದ್ದು ಅಡುಗೆಮನೆ ಒಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಮಾವ ಏಳಲು ಹೊರಟರೆ ಅತ್ತೆ "ಕೂತ್ಕೊಳ್ರಿ, ನಾನ್ ತರ್ತೀನಿ" ಅನ್ನುತ್ತಿದ್ದರು. ನೋಡನೋಡುತ್ತ ನಾವೆಲ್ಲರೂ ಅದನ್ನೇ ಕಲಿತೆವು. ನೀರು ಬೇಕಾ, ಕೂತ್ಕೊಳ್ಳಿ. ಚಪ್ಪಲಿ ಹುಡುಕ್ತಿದ್ದೀರಾ, ಕೂತ್ಕೊಳ್ಳಿ. ನನ್ನ ಗಂಡ ಸುರೇಶ ಅಪ್ಪನ ತಟ್ಟೆಯಲ್ಲಿ ಮುದ್ದೆಯನ್ನೂ ಮುರಿದು ಸಾರಿಗೆ ಅದ್ದಿಡುವಷ್ಟು ಪ್ರೀತಿ ತೋರಿಸಿಬಿಟ್ಟ. ಮಾವ ಎಲ್ಲದಕ್ಕೂ "ಆಯ್ತಪ್ಪ", "ಆಗ್ಲಮ್ಮ" ಅನ್ನುತ್ತಿದ್ದರು. ಬರಬರುತ್ತ ಅದನ್ನು ಬಿಟ್ಟು ಬೇರೆ ಮಾತೇ ಕಡಿಮೆಯಾಯಿತು. ವಯಸ್ಸಾಯಿತಲ್ಲ, ಶಾಂತವಾಗಿದ್ದಾರೆ ಅಂದುಕೊಂಡೆವು. (ಮನೆಯವರು ಸುಮ್ಮನಾದರೆ ನಾವು ಎಷ್ಟು ಬೇಗ ಸಮಾಧಾನ ಮಾಡಿಕೊಳ್ಳುತ್ತೇವೆ!)

ಇನ್ನು ಓವನ್ನಿನ ಕತೆ. ಹಬ್ಬದ ಆನ್‌ಲೈನ್ ಸೇಲಿನಲ್ಲಿ ಅದನ್ನು ತರಿಸಿದ್ದು ಸುರೇಶ. ಫೋನಿನಿಂದಲೇ ಆನ್ ಮಾಡಬಹುದಂತೆ, ಮಾತಾಡಿದರೆ ಕೇಳುತ್ತದಂತೆ, ಏನು ಬೇಯಬೇಕು ಅಂತ ಅದಕ್ಕೇ ಗೊತ್ತಂತೆ. ಬಂದ ಹೊಸದರಲ್ಲಿ ಒಂದು ಕೇಕ್ ಮಾಡಿದ. ಅದನ್ನು ಮನೆ ಕಟ್ಟುವವರು ಪಾಯಕ್ಕೆ ಹಾಕಬಹುದಿತ್ತು. ಆಮೇಲೆ ಓವನ್ನಿನ ಮೇಲೆ ಒಂದು ಕಸೂತಿ ಬಟ್ಟೆ ಬಂತು. ಬಟ್ಟೆಯ ಮೇಲೆ ಬಾಳೆಹಣ್ಣಿನ ಬುಟ್ಟಿ ಬಂತು. ನಿಮ್ಮ ಮನೆಯ ಟ್ರೆಡ್‌ಮಿಲ್ ಮೇಲೆ ಈಗ ಏನಿದೆ ಹೇಳಿ?

ಹೀಗಿರುವಾಗ ಸಾದಲಿಯಿಂದ ಚಿಕ್ಕಮಾವ ಒಂದು ಚೀಲ ಹೊಸ ಆಲೂಗಡ್ಡೆ ಕಳಿಸಿದರು. ಪಲ್ಯ ಆಯಿತು, ಸಾಗು ಆಯಿತು, ಬೋಂಡಾ ಆಯಿತು. ಚೀಲ ಮಾತ್ರ ಇಳಿಯಲೇ ಇಲ್ಲ. ಆ ಶುಕ್ರವಾರ ಅತ್ತೆ ತೊಂಡೇಬಾವಿಯಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದರು. ಅಡುಗೆಯ ಯಜಮಾನಿ ನಾನೇ. ಬಾಳೆಹಣ್ಣಿನ ಬುಟ್ಟಿ ಇಳಿಸಿದೆ. ಆ್ಯಪ್ ಹೇಳಿದ ಹಾಗೆ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತೊಳೆದು ಒರೆಸಿ, ಫೋರ್ಕಿನಿಂದ ಚುಚ್ಚಿ, ಎಣ್ಣೆ ಉಪ್ಪು ಸವರಿ ಒಳಗಿಟ್ಟೆ.

ಸ್ವಲ್ಪ ಹೊತ್ತಿಗೆ ಮನೆಯೆಲ್ಲ ವಾಸನೆ. ಮಾವ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಏನಮ್ಮಾ, ಕೆಂಡದಲ್ಲಿ ಆಲೂಗಡ್ಡೆ ಸುಡ್ತಿದ್ದೀಯಾ?"

"ಕೆಂಡ ಎಲ್ಲಿಂದ ಬರ್ಬೇಕು ಮಾವ, ಕರೆಂಟ್ ಒಲೆ."

"ನಮ್ಮ ಹುಳದ ಮನೇಲಿ ಇದೇ ವಾಸನೆ ಇರ್ತಿತ್ತು" ಅಂದವರೇ ಅಲ್ಲೇ ನಿಂತು ಮಾತಿಗೆ ಶುರು ಮಾಡಿದರು. ಚಳಿಗಾಲದಲ್ಲಿ ಹುಳಗಳಿಗೆ ಬೆಚ್ಚಗಿರಲಿ ಅಂತ ಕೋಣೆಯಲ್ಲಿ ಇದ್ದಿಲ ಕೆಂಡ ಇಡುತ್ತಿದ್ದರಂತೆ. ಮಾವ ಅದರ ಬೂದಿಯಲ್ಲಿ ಆಲೂಗಡ್ಡೆ ಹೂತಿಡುತ್ತಿದ್ದರಂತೆ. ಹೊಸದಾಗಿ ಮದುವೆಯಾಗಿ ಬಂದ ಅತ್ತೆ, ಹುಳಗಳಿಗೆ ಸೊಪ್ಪು ಹೆಚ್ಚಿ ಸಾಕಾಗಿ ಕೂತಾಗ, ಒಂದನ್ನು ತೆಗೆದು ಊದಿ ಕೈಗಿಡುತ್ತಿದ್ದರಂತೆ. "ಮನೇಲಿ ಅಷ್ಟೊಂದು ಜನ. ಮಾತಾಡೋಕೆ ನಾಚಿಕೆ. ಆಲೂಗಡ್ಡೆ ಕೊಡೋಕೆ ಏನು ನಾಚಿಕೆ?" ಅಂದು ನಕ್ಕರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

ಆಲೂಗಡ್ಡೆ ಈಚೆ ಬಂತು. ಸಿಪ್ಪೆ ಸುಲಿದು ಕೊಡಲು ಹೋದೆ. "ಕೊಡಮ್ಮ, ನಾನೇ ಬಿಡಿಸ್ಕೊತೀನಿ" ಅಂದರು. ಬೆರಳು ಸುಡುತ್ತಿದ್ದರೂ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತ ಬಿಡಿಸಿ ತಿಂದರು. ಆಮೇಲೆ ಕೇಳಿದರು:

"ಇದ್ರಲ್ಲಿ ಉರಿ ಇಲ್ವಾ?"

"ಇಲ್ಲ ಮಾವ."

"ಹಂಗಾದ್ರೆ ನಾನು ಮಾಡಬಹುದಲ್ಲ?"

ಇಲ್ಲ ಅನ್ನುವುದು ಹೇಗೆ? ಕೂತ್ಕೊಳ್ಳಿ ಅನ್ನುವುದಂತೂ ನನ್ನಿಂದ ಆಗಲಿಲ್ಲ.

ಮಾರನೆಯ ದಿನವೇ ಶನಿವಾರ. ಆಲೂಗಡ್ಡೆ ತೊಳೆದದ್ದು, ಚುಚ್ಚಿದ್ದು, ಎಣ್ಣೆ ಸವರಿದ್ದು ಎಲ್ಲ ಮಾವನೇ. ನನಗಿಂತ ನೀಟಾಗಿ. ತಕರಾರು ಶುರುವಾದದ್ದು ಓವನ್ನಿನ ಮುಂದೆ. ಅದರ ಮುಖದಲ್ಲಿ ತಿರುಗಿಸುವ ಗುಂಡಿಯಿಲ್ಲ, ಒತ್ತುವ ಗುಂಡಿಯಿಲ್ಲ. ನುಣುಪು ಗಾಜು. ಕಣ್ಣಿದ್ದವರಿಗೆ ಅಲ್ಲಿ ಬಣ್ಣಬಣ್ಣದ ಚಿತ್ರ. ಮಾವನ ಬೆರಳಿಗೆ ಅಲ್ಲಿ ಏನೂ ಇಲ್ಲ. ಸವರಿ ಹುಡುಕುವಷ್ಟರಲ್ಲಿ ಅದು ಕಿಂಯ್ ಕಿಂಯ್ ಅಂದು ಪಿಜ್ಜಾಕ್ಕೆ ಹೋಯಿತು. ಮತ್ತೆ ಸವರಿದರೆ ಬಿಸ್ಕತ್ತು.

"ಮಾತಾಡಿದ್ರೂ ಕೇಳುತ್ತೆ ಮಾವ" ಅಂತ ಫೋನ್ ತೆಗೆದೆ. ಮಾವ ಗಂಟಲು ಸರಿಮಾಡಿಕೊಂಡು, ತುಂಬ ಮರ್ಯಾದೆಯಿಂದ, "ಓವನ್ ಆನ್ ಮಾಡಮ್ಮಾ" ಅಂದರು. ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. "ಓವನ್ ಸ್ಟಾರ್ಟು" ಅಂದರು. ಮತ್ತೆ ಕ್ಷಮೆ. "ಟೂ ಹಂಡ್ರೆಡ್ ಡಿಗ್ರಿ" ಅಂತ ಗದರಿದರು. ಅದು ಇವತ್ತು ಮೋಡ ಕವಿದ ವಾತಾವರಣ ಅಂತ ವರದಿ ಒಪ್ಪಿಸಿತು. ಆಗಲೇ ಮಾವ ತೆಲುಗಿಗೆ ಇಳಿದದ್ದು.

"ದೀನಿಕಿ ಚೆವುಡಮ್ಮಾ! ನಂಗೆ ಕಣ್ಣಿಲ್ಲ, ಇದಕ್ಕೆ ಕಿವಿ ಇಲ್ಲ. ಒಳ್ಳೆ ಜೋಡಿ ತಂದವ್ನೆ ನನ್ ಮಗ!"

ಇಬ್ಬರೂ ನಕ್ಕೆವು. ಕೊನೆಗೆ ನಾನು ಅವರ ಬೆರಳು ಹಿಡಿದು ಸರಿಯಾದ ಜಾಗದಲ್ಲಿಟ್ಟೆ. ಓವನ್ನು ಗುಂಯ್ ಅಂದಿತು. ಬೆಂದ ಮೇಲೆ ಮಾವ ದಪ್ಪ ಗ್ಲೌಸು ಹಾಕಿಕೊಂಡು ಟ್ರೇ ಹೊರಗೆಳೆಯುತ್ತಿದ್ದಾರೆ, ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. ತಂಗಿಯ ಮಗನ ಕಾರು ಸಿಕ್ಕಿತೆಂದು ಬೇಗ ಬಂದಿದ್ದರು.

ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಏನ್ರೀ ಮಾಡ್ತಿದ್ದೀರಾ? ಬಿಡ್ರಿ! ಬಿಟ್ಬಿಡ್ರಿ ಮೊದ್ಲು!"

ಆ ಕೂಗಿಗೆ ಮಾವ ಬೆಚ್ಚಿದರು. ಟ್ರೇ ವಾಲಿತು. ಆಲೂಗಡ್ಡೆಗಳು ನೆಲದ ತುಂಬ ಉರುಳಿದವು. ಮಾವ ಗ್ಲೌಸು ತೆಗೆದಿಟ್ಟು, ಗೋಡೆ ಹಿಡಿದುಕೊಂಡು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ನಾನು ಅತ್ತೆಗೆ ತಿಳಿಹೇಳಲು ಹೋದೆ. "ಅದ್ರಲ್ಲಿ ಉರಿನೇ ಇರಲ್ಲ ಅತ್ತೆ. ನಾನೂ ಪಕ್ಕದಲ್ಲೇ ಇದ್ದೆ..."

ಅತ್ತೆ ನೆಲದ ಮೇಲಿನ ಆಲೂಗಡ್ಡೆ ಆಯುತ್ತಲೇ ಹೇಳಿದರು. "ಆವತ್ತು ಟವಲ್ಲು ಹತ್ಕೊಂಡಾಗ ನೀನಿರ್ಲಿಲ್ಲ ಕಣಮ್ಮ. ನಾನಿದ್ದೆ. ಬೆಂಕಿ ಹತ್ತಿರೋದು ತನಗೇ ಅಂತ ಅವ್ರಿಗೆ ಗೊತ್ತೇ ಆಗ್ಲಿಲ್ಲ. 'ಏನೋ ಸೀದ ವಾಸ್ನೆ ಬರ್ತೈತೆ, ಬಂದು ನೋಡೇ' ಅಂತ ನನ್ನ ಕರೀತಾ ನಿಂತಿದ್ರು."

ಅತ್ತೆಯದು ಹಟ ಅಂದುಕೊಂಡಿದ್ದೆ. ಅದು ಹಟವಾಗಿರಲಿಲ್ಲ, ಹೆದರಿಕೆ. ಆ ದೃಶ್ಯವನ್ನು ಅವರು ದಿನವೂ ನೋಡುತ್ತಿದ್ದರು.

ಬಾಳೆಹಣ್ಣಿನ ಬುಟ್ಟಿ ಮತ್ತೆ ಓವನ್ನಿನ ಮೇಲೇರಿತು. ಮಾವ ಮತ್ತೆ "ಆಗ್ಲಮ್ಮ"ಕ್ಕೆ ಮರಳಿದರು. ಮನೆಯಲ್ಲಿ ಜಗಳವಿಲ್ಲ, ಮಾತೂ ಇಲ್ಲ. ಅಂಥ ಮನೆಯಲ್ಲಿ ಸಾರಿಗೂ ರುಚಿಯಿರುವುದಿಲ್ಲ.

ಎರಡು ಮೂರು ದಿನ ಕಳೆದಿರಬೇಕು. ಸಂಜೆ ನಾನು ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ವರಾಂಡದಲ್ಲಿ ಮಾವನ ಪಕ್ಕ ಕೂತು ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಇದ್ದಕ್ಕಿದ್ದಂತೆ ಅವರ ದನಿ.

"ಅಷ್ಟೊಂದು ಆಸೆ ಏನ್ರೀ ನಿಮ್ಗೆ ಆ ಆಲೂಗಡ್ಡೆ ಮೇಲೆ? ಹೇಳಿದ್ರೆ ನಾನೇ ಬೇಯ್ಸಿ ಕೊಡ್ತಿರ್ಲಿಲ್ವಾ?"

ಮಾವ ಮೆಲ್ಲಗೆ ಅಂದರು. "ತಿನ್ನೋ ಆಸೆ ಅಲ್ಲ ಕಣೇ. ನಿಂಗೆ ನನ್ ಕೈಯಾರ ಏನಾದ್ರೂ ಮಾಡ್ಕೊಟ್ಟು ಎಷ್ಟು ದಿನ ಆಯ್ತು."

ಅವರೆಕಾಯಿ ಸುಲಿಯುವ ಸದ್ದು ನಿಂತಿತು. ನನ್ನ ಕೆಂಪು ಪೆನ್ನೂ ನಿಂತಿತು. (ಆಗ ನನ್ನ ಮುಂದಿದ್ದ ಪತ್ರಿಕೆಯ ಹುಡುಗಿಗೆ ಮಾರ್ಕ್ಸ್ ಸ್ವಲ್ಪ ಜಾಸ್ತಿಯೇ ಬಿದ್ದಿರಬಹುದು.)

ಮಾರನೆಯ ದಿನ ಕಾಲೇಜಿನಿಂದ ಬಂದು ಬ್ಯಾಗ್ ಇಡುವ ಮೊದಲೇ ಅತ್ತೆ ಅಡುಗೆಮನೆಗೆ ಕರೆದರು. ಬಾಳೆಹಣ್ಣಿನ ಬುಟ್ಟಿ ನೆಲದ ಮೇಲಿತ್ತು. ಅತ್ತೆಯ ಕೈಯಲ್ಲಿ ಸ್ಟಿಕ್ಕರ್ ಬೊಟ್ಟಿನ ಹಾಳೆ.

"ಇದ್ರಲ್ಲಿ ನಿಲ್ಲಿಸೋದು ಎಲ್ಲಿ ಒತ್ತಬೇಕು, ತೋರ್ಸು."

"ಶುರು ಮಾಡೋದು ಇಲ್ಲಿ ಅತ್ತೆ..."

"ಶುರು ಮಾಡೋದು ಆಮೇಲೆ ಹೇಳಮ್ಮ. ಮೊದ್ಲು ನಿಲ್ಲಿಸೋದು!"

ತೋರಿಸಿದೆ. ಹಾಳೆಯಲ್ಲಿದ್ದ ಅತಿ ದೊಡ್ಡ ಕೆಂಪು ಬೊಟ್ಟನ್ನು ಕಿತ್ತು, ಸ್ಟಾಪ್ ಗುರುತಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು. ಶುರುವಿಗೆ ಸಣ್ಣದು. ಬಿಸಿ ಏರಿಸುವುದಕ್ಕೆ ಒಂದು, ಇಳಿಸುವುದಕ್ಕೆ ಒಂದು. ಆಮೇಲೆ ಕಣ್ಣು ಮುಚ್ಚಿಕೊಂಡು ತಾವೇ ಸವರಿ ನೋಡಿದರು. ಒಂದು ಸಲ ತಪ್ಪಿತು. ಬೊಟ್ಟು ಕಿತ್ತು ಸರಿಯಾಗಿ ಅಂಟಿಸಿ ಮತ್ತೆ ಕಣ್ಣು ಮುಚ್ಚಿದರು. ತಂತ್ರಜ್ಞಾನ ಕಂಡುಹಿಡಿದವರು ಏನೇನೋ ಯೋಚಿಸುತ್ತಾರೆ. ಬೆರಳಿಗೆ ಸಿಗುವಂಥದ್ದೇನಾದರೂ ಒಂದಿರಲಿ ಅಂತ ಮಾತ್ರ ಯಾಕೆ ಯೋಚಿಸುವುದಿಲ್ಲ?

"ಅವ್ರ ಹೆಗಲ ಮೇಲೆ ಟವಲ್ಲು ಇರಕೂಡದು" ಅಂದರು ಅತ್ತೆ. "ಇದೊಂದು ಮಾತು ನಂದು. ಉಳಿದಿದ್ದು ನಿಮ್ಮಿಷ್ಟ."

ಭಾನುವಾರ ಮಾವ ಮೊದಲ ಸಲ ಪೂರ್ತಿ ಒಬ್ಬರೇ ಮಾಡಿದರು. ನಾನೂ ಸುರೇಶನೂ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಪೇಪರ್ ಓದುವ ಹಾಗೆ ನಟಿಸಿದೆವು. ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಾವನ ಬೆರಳು ಗಾಜಿನ ಮೇಲೆ ನಿಧಾನಕ್ಕೆ ಸರಿಯಿತು. ದೊಡ್ಡ ಬೊಟ್ಟು ಸಿಕ್ಕಿತು. ಅಲ್ಲಿ ಒಂದು ಕ್ಷಣ ನಿಂತು, ಏನೋ ಅರ್ಥವಾದವರಂತೆ ನಕ್ಕು, ಮುಂದೆ ಹೋಗಿ ಸಣ್ಣದನ್ನು ಒತ್ತಿದರು.

ಬೆಂದ ಮೇಲೆ ಬಾಗಿಲು ತೆರೆಯುವಾಗ ಗ್ಲೌಸಿನ ಅಂಚು ದಾಟಿ, ಮಣಿಕಟ್ಟಿನ ಹತ್ತಿರ, ಬಿಸಿ ತಾಗಿತು. "ಸ್ಸ್" ಅಂದರು. ಅತ್ತೆ ಒಂದು ಹೆಜ್ಜೆ ಮುಂದಿಟ್ಟರು. ಸುರೇಶ ಎದ್ದೇಬಿಟ್ಟ. ಅತ್ತೆ ಹಿಂದಕ್ಕೆ ಕೈ ತೋರಿಸಿ ಅವನನ್ನು ಕೂರಿಸಿದರು. ತಾವೂ ಅಲ್ಲೇ ನಿಂತರು. ಬಾಯಿಗೆ ಸೆರಗು ಒತ್ತಿಕೊಂಡು, ಬಾಯಿ ಬಿಡದೆ ನಿಂತರು. ಅವರು ಅಷ್ಟು ಕಷ್ಟಪಡುವುದನ್ನು ನಾನು ಯಾವತ್ತೂ ನೋಡಿಲ್ಲ, ಅಂಗೈ ಸುಟ್ಟುಕೊಂಡ ದಿನವೂ ನೋಡಿಲ್ಲ.

ಟ್ರೇ ಕಟ್ಟೆಯ ಮೇಲೆ ಸರಿಯಾಗಿ ಕೂತಿತು. ಮಾವ ಒಂದು ಆಲೂಗಡ್ಡೆ ತಟ್ಟೆಗೆ ಹಾಕಿ, ಬಿಡಿಸಿ, ಬೆಣ್ಣೆ, ಉಪ್ಪು, ಮೆಣಸಿನಪುಡಿ ಉದುರಿಸಿ, ಸುಮ್ಮನೆ ಮುಂದೆ ಚಾಚಿದರು. ಅತ್ತೆ ಎಲ್ಲಿ ನಿಂತಿದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ತಟ್ಟೆ ನೇರ ಅವರ ಕೈಗೇ ಹೋಯಿತು.

ಅತ್ತೆ ತಿಂದರು.

"ಹೆಂಗೈತೆ?" ಅಂದರು ಮಾವ.

"ಚೆನ್ನಾಗಿದೆ ಅಂತ ಹೇಳಿ ಅತ್ತೆ" ಅಂತ ನಾನು ದೂರದಿಂದಲೇ ಸನ್ನೆ ಮಾಡಿದೆ. ಕಣ್ಣು ಹೋದಾಗಿನಿಂದ ಮಾವನಿಗೆ ಎಲ್ಲರೂ ಎಲ್ಲವನ್ನೂ ಚೆನ್ನಾಗಿದೆ ಅಂತಲೇ ಹೇಳುತ್ತ ಬಂದಿದ್ದೇವೆ. ಅಂಗಿ ಗುಂಡಿ ತಪ್ಪಿ ಹಾಕಿಕೊಂಡರೂ ಚೆನ್ನಾಗಿದೆ.

ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಉಪ್ಪು ಕಮ್ಮಿ" ಅಂದರು. "ಒಳಗಡೆ ಇನ್ನೊಂಚೂರು ಬೇಯಬೇಕಿತ್ತು. ಮುಂದಿನ ಸಲ ನೋಡ್ಕೊಂಡು ಮಾಡಿ."

ಮಾವನ ಮುಖ ನೀವು ನೋಡಬೇಕಿತ್ತು. ಹಬ್ಬ! "ಇವಳಿಗೆ ಯಾವತ್ತು ಸರಿಹೋಗಿದೆ ಹೇಳಪ್ಪ!" ಅಂತ ಮಗನಿಗೆ ದೂರು ಹೇಳಿದರು. ಆ ದನಿಯಲ್ಲಿ ಜಗಳವಿತ್ತು, ಗತ್ತಿತ್ತು, ಗಂಡ ಹೆಂಡಿರ ಹಳೆಯ ಸಲಿಗೆಯಿತ್ತು. ಅವತ್ತು ಊಟ ಮುಗಿಯುವವರೆಗೂ ಇಬ್ಬರೂ ಉಪ್ಪಿನ ಬಗ್ಗೆ ಕಿತ್ತಾಡಿದರು. ನಾನೂ ಸುರೇಶನೂ ಮಧ್ಯೆ ಬಾಯಿ ಹಾಕಲಿಲ್ಲ.

ಅಂದಹಾಗೆ, ನಿಮ್ಮ ಮನೆಯ ಹಿರಿಯರ ಕೆಲಸದಲ್ಲಿ ನೀವು ಕೊನೆಯ ಸಲ ತಪ್ಪು ಹುಡುಕಿದ್ದು ಯಾವಾಗ?