ಚಂದ್ರಿಯ ಸವಾರ

ಮುಂಬಯಿಗೆ ಬಂದ ಎರಡನೆಯ ದಿನವೇ ನನ್ನನ್ನು ತಕ್ಕಡಿಯಲ್ಲಿ ಕೂಡ್ರಿಸಿ ತೂಗಿದರು. ರೋಣದ ಪೇಟೆಯಲ್ಲಿ ಹತ್ತಿ ತೂಗುವುದನ್ನು ಕಂಡಿದ್ದೆ. ಮನುಷ್ಯನನ್ನು, ಅದೂ ಜೀನಿನ ಸಮೇತ, ತೂಗುವುದನ್ನು ಕಂಡಿರಲಿಲ್ಲ. ಶರ್ತಿನ ಕುದುರೆ ಏರುವವನಿಗೆ ಇಲ್ಲಿ ಜಾಕಿ ಎನ್ನುತ್ತಾರೆ. ಅವನು ಹಗುರಾಗಿರಬೇಕು. ಬೆಳವಣಕಿಯಲ್ಲಿ ನಾಲ್ಕು ರೊಟ್ಟಿ ಉಣ್ಣುತ್ತಿದ್ದವನು ಒಂದೂವರೆಗೆ ಇಳಿದೆ. ಇಲ್ಲಿಯ ರೊಟ್ಟಿಗೆ ಭಾಕರಿ ಎಂಬ ಹೆಸರು, ನಮ್ಮದಕ್ಕಿಂತ ದಪ್ಪ. ಒಂದು ಖೋಲಿಯಲ್ಲಿ ಹನ್ನೊಂದು ಜನ, ಕಿಡಕಿ ತೆರೆದರೆ ಒಣಮೀನಿನ ನಾತ.

ಗಜೇಂದ್ರಗಡದಲ್ಲಿ ಚಂದ್ರಿ ಎಂಬ ಹೆಣ್ಣುಕುದುರೆಯನ್ನು ಕೊಂಡ ಸೇಠಜಿ, ಅದನ್ನು ಪಳಗಿಸಿದ ನನ್ನನ್ನೂ ಕರೆತಂದಿದ್ದರು. ಮಾಘದ ದೊಡ್ಡ ಶರ್ತಿನಲ್ಲಿ ನಾನೇ ಅದರ ಸವಾರನೆಂದು ಅವ್ವನ ಮುಂದೆ ಮಾತು ಕೊಟ್ಟಿದ್ದರು. ಅವ್ವ ಓಣಿಗೆಲ್ಲ ಹೇಳಿದ್ದಳು.

ಲಾಯದಲ್ಲಿ ಕನ್ನಡ ಓದಬಲ್ಲವರು ಇಬ್ಬರೇ: ನಾನು ಮತ್ತು ನರಗುಂದದ ಗುಮಾಸ್ತ ಭೀಮಣ್ಣ. ಮರಾಠಿ ಕಲಿಸಿದವನೂ ಬರೆಯಲು ವಹಿ ಕೊಟ್ಟವನೂ ಅವನೇ. ಅದರಲ್ಲಿ ದಿನಾ ತಿಥಿ ಹಾಕಿ ಬರೆದೆ: ಚಂದ್ರಿಗೆ ಚಾಬೂಕು ಮುಟ್ಟಿಸಬಾರದು, ಎರಡನೆಯ ತಿರುವಿನವರೆಗೆ ಲಗಾಮು ಬಿಗಿ, ಆಮೇಲೆ ಕಿವಿಯ ಹತ್ತಿರ ‘ಹೋಗವ್ವಾ’ ಎನ್ನಬೇಕು. ಎಂಬತ್ತಾರು ಮುಂಜಾವಿನ ಓಟಗಳು.

ಒಂದನ್ನು ಮಾತ್ರ ಬರೆಯಲಿಲ್ಲ. ಮೈದಾನದ ಆಚೆ ಹೊಗೆಬಂಡಿ ಓಡುತ್ತದೆ. ಮೊದಲ ಸಲ ಅದು ಕೂಗಿದಾಗ ಚಂದ್ರಿ ನಡುಗಿತು, ನಾನೂ ನಡುಗಿದೆ. ಎಡಗಿವಿಯ ಕೆಳಗೆ ಅಂಗೈ ಊರಿದೆ, ಇಬ್ಬರೂ ಸುಮ್ಮನಾದೆವು. ಅಂಜಿದ್ದನ್ನು ಬರೆಯಲು ನಾಚಿಕೆಯಾಯಿತು.

ಮಾಘ ಶುದ್ಧ ಬಿದಿಗೆಯ ಮುಂಜಾನೆ ಚಂದ್ರಿಯ ಮೇಲೆ ಬಿಳಿ ತೊಗಲಿನ ಒಬ್ಬ ಗೋರಾ ಸವಾರ ಕುಳಿತಿದ್ದ. ಎರಡನೆಯ ತಿರುವು ದಾಟಿದ್ದೇ ಬಾಗಿ, ತೊದಲುತ್ತ ‘ಹೋಗವ್ವಾ’ ಎಂದ. ಅದು ಹಾರಿತು. ನಾನು ಅಂದಾಗ ಹೇಗೋ ಹಾಗೆಯೇ.

“ಭೀಮಣ್ಣಾ, ನನ್ನ ವಹಿ ಓದಿ ಹೇಳಿದಿ?”

“ಸೇಠಜಿ ಕೇಳಿದ್ರು, ಹೇಳ್ದೆ. ನೀ ಬರೀದ ಇದ್ದಿದ್ರ ನಾ ಹ್ಯಾಂಗ ಓದ್ತಿದ್ದೆ, ತಮ್ಮಾ?”

“ನಮ್ಮ ಕಡಿಯಾಂವ ಅಂತ ನಂಬಿದ್ದೆ.”

“ನಮ್ಮ ಕಡಿ ಭಾಳ ದೂರ ಐತಿ. ಇಲ್ಲೆ ಸಿಟ್ಟು ಮಾಡಿದ್ರ ಇರೋ ಕೆಲಸಾನೂ ಹೋಕ್ಕೈತಿ. ಉಂಡು ಮಲಗು. ಇನ್ನ ತೂಕದ ಕಾಳಜಿ ಇಲ್ಲಲ್ಲ!”

ಸೇಠಜಿ ನನ್ನನ್ನು ಕುದುರೆ ತಿಕ್ಕುವ ಕೆಲಸಕ್ಕೆ ಇಳಿಸಿದರು. ಮೂರು ದಿನ ಚಂದ್ರಿಯ ಅಂಜಿಕೆಯನ್ನು ಯಾರಿಗೂ ಹೇಳಲಿಲ್ಲ. ಹೊಗೆಬಂಡಿ ಕೂಗಲಿ, ಗೋರಾ ಬೀಳಲಿ ಎಂದುಕೊಂಡೆ. ಶರ್ತಿನ ದಿನ ಜೀನು ಬಿಗಿಯುವಾಗ ಚಂದ್ರಿ ಹೊರಳಿ ನನ್ನ ಅಂಗಿ ಮೂಸಿತು. ಬೆದರಿದರೆ ಮುರಿಯುವುದು ಅದರ ಕಾಲೂ ಹೌದು. ಗೋರಾನ ಕೈ ಹಿಡಿದು ಎಡಗಿವಿಯ ಕೆಳಗೆ ಇಟ್ಟು, ಹೊಗೆಬಂಡಿಯ ಕಡೆ ತೋರಿಸಿದೆ. ಅವನು ತಲೆದೂಗಿದ.

ಎರಡನೆಯ ತಿರುವಿನಲ್ಲೇ ಹೊಗೆಬಂಡಿ ಕೂಗಿತು. ಚಂದ್ರಿಯ ಕಿವಿ ಹಿಂದಕ್ಕೆ ಮಲಗಿದವು. ಅವನ ಅಂಗೈ ಎಡಗಿವಿಯ ಕೆಳಗೆ ಇಳಿಯಿತು. ಚಂದ್ರಿ ಗೆದ್ದಿತು.

ಹಗ್ಗದ ಆಚೆ ಭೀಮಣ್ಣ ನನ್ನತ್ತ ಕೂಗುತ್ತ ಕುಣಿಯುತ್ತಿದ್ದ: “ನಮ್ಮ ಚಂದ್ರಿ ಗೆದ್ತಲೇ, ಬಸ್ಯಾ!” ನಾನು ಬೆವರು ಒರೆಸುವ ಬಟ್ಟೆ ತೆಗೆದುಕೊಂಡು ಹೋದೆ.

ಊರಿಗೆ ಬರಬಹುದು, ಚಂದ್ರಿಯನ್ನು ಬಿಟ್ಟು ಬರಬೇಕು. ಇಲ್ಲಿ ನಾನು ಕುದುರೆ ತಿಕ್ಕುವವನು. ಬೆಳವಣಕಿಯ ಓಣಿಯಲ್ಲಿ ಮಾತ್ರ ಇನ್ನೂ ಸವಾರ. ಈ ಕಾಗದವನ್ನು ಅವ್ವನಿಗೆ ಓದಿ ಹೇಳುವವರು ಹೊಗೆಬಂಡಿಯದನ್ನು ಬೇಕಾದರೆ ಹೇಳಿರಿ, ಚಂದ್ರಿ ಗೆದ್ದದ್ದನ್ನು ಹೇಳಿರಿ. ಅದರ ಮೇಲೆ ಯಾರಿದ್ದರೆಂಬುದನ್ನು ಓದಬೇಡಿರಿ.