ಅರ್ಧ ಕಟಿಂಗು, ಎರಡು ಬ್ಯಾಂಡ್‌ಸೆಟ್ಟು

ಕಟಿಂಗ್ ಶಾಪಿನಲ್ಲಿ ಇವತ್ತು ಪೌಡರಿನ ಘಮ ಮೂಗಿಗೆ ಬಡಿದದ್ದೇ ತಡ, ಕುತ್ತಿಗೆ ತಾನಾಗಿ ಬಿಗಿಯಿತು.

ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜಂಪುರದ ರಂಗಣ್ಣ ಕ್ಷೌರವನ್ನೂ ಮಾಡುತ್ತಿದ್ದ, ಊರಿನ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ಟನ್ನೂ ಊದುತ್ತಿದ್ದ. ಒಂದು ದಿನ ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ನನ್ನನ್ನು ಕೂರಿಸಿ, ಬಿಳಿ ಬಟ್ಟೆ ಬಿಗಿದು, ತಲೆಯ ಒಂದು ಕಡೆ ಕತ್ತರಿಸಿ ಮುಗಿಸಿದ್ದ. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಅಪ್ಪ, "ಏನೇ ಹೇಳು, ತರೀಕೆರೆ ಸೆಟ್ಟೇ ಸೆಟ್ಟು ಕಣಯ್ಯ" ಎಂದುಬಿಟ್ಟರು.

ಕತ್ತರಿ ನಿಂತಿತು.

"ಅವ್ರದ್ದು ಬರೀ ಕೆಂಪು ಕೋಟಿನ ಜಂಬ, ಸ್ವಾಮಿ. ಸಿನಿಮಾ ಹಾಡು ಬ್ಯಾಂಡಿಗೆ ತಂದೋರು ನಾವು, ಕದ್ದೋರು ಅವ್ರು!"

"ನೀವು ಬೀರೂರಿನೋರಿಂದ ಕದೀಲಿಲ್ವಾ?"

ರಂಗಣ್ಣ ಗೂಟಕ್ಕೆ ನೇತುಹಾಕಿದ್ದ ಚೀಲದಿಂದ ಕ್ಲಾರಿಯೋನೆಟ್ ತೆಗೆದು ಊದಿಯೇ ತೋರಿಸಿದ. ಅಪ್ಪ ಬಾಯಲ್ಲೇ ಡೋಲು ಬಾರಿಸಿ ಎದುರು ವಾದಿಸಿದರು. ಇಳಿದು ಓಡೋಣವೆಂದರೆ ಅರ್ಧ ತಲೆ, ಕೂರೋಣವೆಂದರೆ ಬೆನ್ನೊಳಗೆ ಕೂದಲ ತುರಿಕೆ. ಕೊನೆಗೆ ಕನ್ನಡಿಯಲ್ಲಿ ಇಬ್ಬರೂ ನನ್ನನ್ನೇ ನೋಡಿದರು.

"ನೀನೇ ಹೇಳೋ ಮಗಾ, ಯಾರು ಮೇಲು?" ಎಂದ ರಂಗಣ್ಣನ ಕೈಗೆ ಕತ್ತರಿ ಮತ್ತೆ ಬಂದಿತ್ತು. ಅಪ್ಪನ ಹುಬ್ಬು ಗಂಟಿಕ್ಕಿತ್ತು. ನಾನು ಜೋರಾಗಿ ಅತ್ತುಬಿಟ್ಟೆ.

ಇವತ್ತು ನನಗೆ ಕಟಿಂಗ್ ಮಾಡುತ್ತಿದ್ದ ಹುಡುಗನೂ ಒಂದು ಕಡೆ ಮುಗಿಸಿ ಕತ್ತರಿ ನಿಲ್ಲಿಸಿ, ಫೋನಿನಲ್ಲಿ ಎರಡು ಬ್ಯಾಂಡಿನ ಹಾಡು ಕೇಳಿಸಿದ. "ಯಾರು ಯಾರನ್ನ ಕಾಪಿ ಹೊಡ್ದಿದಾರೆ ಹೇಳಿ ಸಾರ್?"

"ಮೊದ್ಲು ಆ ಕಡೆ ಕತ್ರಿಸಪ್ಪ," ಎಂದೆ. "ಆಮೇಲೆ ಹೇಳ್ತೀನಿ."